ಕಾಮಗೆರೆ ಯಾವ ಜಿಲ್ಲೆ?

ಕೊಳ್ಳೇಗಾಲದಿಂದ ಹನೂರಿಗೆ ಹೋಗೋ ರಸ್ತೆಯಲ್ಲಿ, ಮಾದಪ್ಪನ ಬೆಟ್ಟಕ್ಕೆ ಹೊರಟ ಬಸ್ಸುಗಳು ದಾಟುವ ಊರು ಕಾಮಗೆರೆ. ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ಓಡಾಡಿದೆ. 1951ರ ಜನಗಣತಿಯಲ್ಲಿ ಅದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು, ಹಾಗಾಗಿ 1961ರಲ್ಲಿ ಮೈಸೂರು ಜಿಲ್ಲೆ. 1997ರಿಂದ ಚಾಮರಾಜನಗರ. ಈಗ ತಾಲ್ಲೂಕೂ ಬದಲಾಗಿ ಹನೂರು.

ಲೇಜಿ ಇವ್ಯಾಲ್ಯುಯೇಶನ್ ಅಂದ್ರೆ ಏನು ಅಂತ ತಿಳಿಯೋಕೆ ನಾವು ನಾಲ್ವರು ಈ ಊರನ್ನೇ ಹಿಡಿದೆವು. (ಇಂಟರ್ನಲ್ಸ್ ಹಿಂದಿನ ರಾತ್ರಿ ಓದೋದೇ ಲೇಜಿ ಇವ್ಯಾಲ್ಯುಯೇಶನ್ ಅನ್ನೋ ಜೋಕ್ ಎಲ್ಲರಿಗೂ ಗೊತ್ತು, ಬಿಡಿ.) ಆರ್ ಭಾಷೆಯಲ್ಲಿ ಒಂದು ಫಂಕ್ಷನ್ ಬರೆದೆವು. ಅದಕ್ಕೆ ಜಿಲ್ಲೆಯ ಹೆಸರು ಕೊಟ್ಟರೆ, ಕೇಳಿದಾಗ ಆ ಹೆಸರು ಹೇಳುವ ಇನ್ನೊಂದು ಫಂಕ್ಷನ್ ಕೊಡುತ್ತೆ. ಫಾರ್ ಲೂಪ್‌ನಲ್ಲಿ ಕೊಯಮತ್ತೂರು, ಮೈಸೂರು, ಚಾಮರಾಜನಗರ ಅಂತ ಮೂರು ಸುತ್ತು ಓಡಿಸಿ, ಬಂದ ಮೂರನ್ನೂ ಲಿಸ್ಟ್‌ನಲ್ಲಿ ಇಟ್ಟೆವು. ಆಮೇಲೆ 1951ರದ್ದನ್ನು ಕರೆದರೆ ಉತ್ತರ: ಚಾಮರಾಜನಗರ. 1961? ಅದೂ ಚಾಮರಾಜನಗರ!

ಆರ್ ಸುಳ್ಳು ಹೇಳ್ತಿಲ್ಲ. ಆರ್ಗ್ಯುಮೆಂಟ್ ಕೊಟ್ಟಾಗ ಅದು ಬೆಲೆಯನ್ನು ಇಟ್ಟುಕೊಳ್ಳೋದಿಲ್ಲ. 'ಬೇಕಾದಾಗ ಇಲ್ಲಿ ನೋಡಿ ಹೇಳ್ತೀನಿ' ಅಂತ ಒಂದು ಮಾತು ಕೊಡುತ್ತೆ. ಅದಕ್ಕೆ ಹೆಸರೇ ಪ್ರಾಮಿಸ್. ನಾವು ಕೇಳುವಷ್ಟರಲ್ಲಿ ಲೂಪ್ ಮುಗಿದು, ವೇರಿಯಬಲ್‌ನಲ್ಲಿ ಕೊನೆಯ ಹೆಸರಷ್ಟೇ ಉಳಿದಿರುತ್ತೆ. ಒಳಗೆ ಫೋರ್ಸ್ ಅಂತ ಒಂದು ಸಾಲು ಹಾಕಿದರೆ ಆ ಕ್ಷಣವೇ ಬೆಲೆ ಗಟ್ಟಿಯಾಗುತ್ತೆ. 2015ರಲ್ಲಿ ಬಂದ ಆರ್ 3.2.0ರಿಂದ ಎಲ್‌ಅಪ್ಲೈ ಥರದ ಫಂಕ್ಷನ್‌ಗಳು ಇದನ್ನು ತಾವೇ ಮಾಡುತ್ತವೆ. ಫಾರ್ ಲೂಪ್‌ನಲ್ಲಿ ಮಾತ್ರ ನಾವೇ ಮಾಡಬೇಕು.

ಸ್ಕೋಪ್ ಬೇರೆ ವಿಷಯ, ಎರಡನ್ನೂ ಕಲಸಬಾರದು. ಹೆಸರನ್ನು ಎಲ್ಲಿ ಹುಡುಕಬೇಕು ಅನ್ನೋದು ಸ್ಕೋಪ್. ಯಾವಾಗ ಹುಡುಕಬೇಕು ಅನ್ನೋದು ಲೇಜಿನೆಸ್. ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಆರ್ ಕಟ್ಟುವಾಗ ಮೇಲ್ನೋಟದ ರೂಪವನ್ನು ಬೆಲ್ ಲ್ಯಾಬ್ಸ್‌ನ ಎಸ್ ಭಾಷೆಯಿಂದ ತಗೊಂಡರು, ಲೆಕ್ಸಿಕಲ್ ಸ್ಕೋಪ್ ಅನ್ನು ಸ್ಕೀಮ್‌ನಿಂದ. ಅಂದ್ರೆ ಫಂಕ್ಷನ್ ಎಲ್ಲಿ ಹುಟ್ಟಿತೋ ಅಲ್ಲಿಯ ಹೆಸರುಗಳೇ ಅದಕ್ಕೆ ನೆಂಟರು, ಎಲ್ಲಿಂದ ಕರೆದರೂ ಸರಿ. ಪೈಥಾನ್‌ನಲ್ಲಿ ಇದೇ ಪ್ರಯೋಗ ಮಾಡಿದರೆ ಮೂರು ಹೆಸರೂ ಸರಿಯಾಗಿ ಬರುತ್ತವೆ, ಯಾಕಂದ್ರೆ ಅದು ಕರೆದ ಕ್ಷಣದಲ್ಲೇ ಬೆಲೆ ಕಟ್ಟುತ್ತೆ. ಆದರೆ ಅಲ್ಲೂ ಲೂಪ್‌ನೊಳಗೇ ನೇರವಾಗಿ ಲ್ಯಾಂಬ್ಡಾ ಬರೆದರೆ ಮತ್ತೆ ಕೊನೆಯ ಹೆಸರೇ!

ಲೇಜಿ ಆಗಿರೋದು ತಪ್ಪು ಅಂತ ನಮಗನ್ನಿಸೋದಿಲ್ಲ. ಇವತ್ತಿನ ಚಾಮರಾಜನಗರದ ಗಡಿಯೊಳಗೆ 1951ರಲ್ಲಿ ಎಷ್ಟು ಜನ ಇದ್ದರು ಅಂತ ಕೇಳೋದಾದರೆ ಈಗಿನ ಹೆಸರೇ ಬೇಕು. ಕೊಯಮತ್ತೂರಿನ 1951 ಮತ್ತು 1961ರ ಅಂಕಿಗಳನ್ನು ಹೋಲಿಸೋದಾದರೆ ಆಗಿನ ಹೆಸರೇ ಬೇಕು. ಇಲ್ಲದಿದ್ದರೆ ಒಂದಿಡೀ ತಾಲ್ಲೂಕಿನ ಜನ ಮಾಯವಾದದ್ದು ಯಾಕೆ ಅಂತ ಗೊತ್ತಾಗೋದಿಲ್ಲ.

ನಮ್ಮಲ್ಲೊಬ್ಬ ಕಾಮಗೆರೆ ಕಡೆಯವನು. ಅವನ ತಾತ ಹುಟ್ಟಿದ್ದು 1956ಕ್ಕೂ ಮುಂಚೆ, ಹಳೇ ಶಾಲೆ ಕಾಗದದಲ್ಲಿ ಕೊಯಮತ್ತೂರು ಜಿಲ್ಲೆ ಅಂತಿದೆ. ಮೊನ್ನೆ ಒಂದು ಆನ್‌ಲೈನ್ ಅರ್ಜಿಯಲ್ಲಿ ಹುಟ್ಟಿದ ಜಿಲ್ಲೆ ಕೊಯಮತ್ತೂರು ಅಂತ ಆರಿಸಿದ ಕೂಡಲೇ ರಾಜ್ಯದ ಜಾಗದಲ್ಲಿ ತಾನಾಗೇ ತಮಿಳುನಾಡು ಬಂತು. ಚಾಮರಾಜನಗರ ಹಾಕಿದರೆ ಕಾಗದಕ್ಕೆ ತಾಳೆ ಆಗೋದಿಲ್ಲ. ತಾತ ಕನ್ನಡಕ ಸರಿಮಾಡಿಕೊಂಡು, "ನಾನ್ಯಾವಾಗ್ಲಾ ತಮಿಳುನಾಡಲ್ಲಿ ಹುಟ್ಟಿದ್ದು?" ಅಂದರಂತೆ. ಅರ್ಜಿ ಇನ್ನೂ ಡ್ರಾಫ್ಟ್‌ನಲ್ಲೇ ಇದೆ.