ತಣ್ಣೀರಿನ ಕಾವಲು

ನೀರಿನ ಸ್ವಭಾವ ವಿಚಿತ್ರವಾದುದು. ಹಡಗನ್ನು ಹೊತ್ತು ಊರಿಂದೂರಿಗೆ ಸಾಗಿಸುವ ನೀರೇ ಒಂದು ದಿನ ಅದನ್ನು ನುಂಗಿಬಿಡುತ್ತದೆ. ನುಂಗಿದುದನ್ನು ಬಹುಮಟ್ಟಿಗೆ ಅದು ಕರಗಿಸಿಯೂ ಬಿಡುತ್ತದೆ. ಆದರೆ ನುಂಗಿದ ಹಡಗನ್ನು ಒಡವೆಯಂತೆ ಜೋಪಾನವಾಗಿ ಕಾದಿರಿಸುವ ನೀರೂ ಈ ಲೋಕದಲ್ಲಿದೆ. ಅಂಥ ನೀರನ್ನು ಕೆನಡಾ ದೇಶದ ಒಂದು ಪುಟ್ಟ ಬಂದರಿನಲ್ಲಿ ಕಾಣಬಹುದು.

ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ಹ್ಯೂರಾನ್ ಒಂದು. ಹೆಸರಿಗೆ ಅದು ಸರೋವರ, ನೋಟಕ್ಕೆ ಸಮುದ್ರ. ಒಂದು ದಡದಲ್ಲಿ ನಿಂತವರಿಗೆ ಇನ್ನೊಂದು ದಡ ಕಾಣದು. ಬಿರುಗಾಳಿ ಎದ್ದಾಗ ಅಲೆಗಳ ಅಬ್ಬರವೂ ಸಮುದ್ರದಂತೆಯೇ. ನೀರು ಮಾತ್ರ ಸಿಹಿ. ಆಂಟೇರಿಯೊ ಪ್ರಾಂತದ ಬ್ರೂಸ್ ಪರ್ಯಾಯದ್ವೀಪವು ಈ ಸರೋವರದೊಳಕ್ಕೆ ನೀಳವಾದ ಬೆರಳಿನಂತೆ ಚಾಚಿಕೊಂಡಿದೆ. ಆ ಬೆರಳಿನ ತುದಿಯಲ್ಲಿರುವ ಊರು ಟೊಬರ್‌ಮೋರಿ. ಊರಿನ ಮಗ್ಗುಲಲ್ಲಿರುವ ‘ಬಿಗ್ ಟಬ್’ ಎಂಬ ಕಿರಿದಾದ ಬಂದರಿನಲ್ಲಿ ‘ಸ್ವೀಪ್‌ಸ್ಟೇಕ್ಸ್’ ಎಂಬ ಹಡಗು ಮಲಗಿದೆ.

ಎರಡು ಪಟಸ್ತಂಭಗಳಿದ್ದ ಈ ಮರದ ಹಾಯಿಹಡಗನ್ನು 1867ರಲ್ಲಿ ಬರ್ಲಿಂಗ್ಟನ್ ಎಂಬಲ್ಲಿ ಕಟ್ಟಿದರು. ಇದರ ಉದ್ದ ಸುಮಾರು 36 ಮೀಟರ್. 1885ರಲ್ಲಿ ಕಲ್ಲಿದ್ದಲು ಹೊತ್ತು ಸಾಗುತ್ತಿದ್ದಾಗ ಕೋವ್ ದ್ವೀಪದ ಬಳಿ ಅದು ಪೆಟ್ಟು ತಿಂದಿತು. ಗಾಯಗೊಂಡ ಹಡಗನ್ನು ಬೇರೊಂದು ಹಡಗು ಈ ಬಂದರಿಗೆ ಎಳೆದು ತಂದಿತು. ಆದರೆ ಅದನ್ನು ಉಳಿಸಿಕೊಳ್ಳುವುದು ಸಾಧ್ಯವಾಗಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದು ಮುಳುಗಿತು. ಬೆಲೆಯುಳ್ಳ ಕಲ್ಲಿದ್ದಲನ್ನು ಜನ ಮೇಲೆತ್ತಿಕೊಂಡರು. ಹಡಗನ್ನು ನೀರಿಗೆ ಬಿಟ್ಟರು. ಅಂದು ನಿಷ್ಪ್ರಯೋಜಕವೆಂದು ಬಿಟ್ಟುಹೋದ ಆ ಹಡಗನ್ನು ನೋಡಲು ಇಂದು ದೂರ ದೂರದಿಂದ ಜನ ಬರುತ್ತಾರೆ.

ಈ ಹಡಗು ಇರುವ ಆಳ ಸುಮಾರು 6 ಮೀಟರ್ ಮಾತ್ರ. ಹಿಂದಿನವರು ಬಾವಿಯ ಆಳವನ್ನು ಮಾರುಗಳಲ್ಲಿ ಎಣಿಸುತ್ತಿದ್ದರು. ಎರಡು ತೋಳುಗಳನ್ನು ಚಾಚಿದಷ್ಟು ಉದ್ದವೇ ಒಂದು ಮಾರು. ಇಂಗ್ಲಿಷರ ‘ಫ್ಯಾದಮ್’ ಎಂಬ ಅಳತೆಯೂ ಅದೇ. ಈ ಪ್ರದೇಶದ ಹಡಗುಗಳನ್ನೂ ದ್ವೀಪಗಳನ್ನೂ ಒಳಗೊಂಡು 1987ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಜಲೋದ್ಯಾನಕ್ಕೆ ‘ಫ್ಯಾದಮ್ ಫೈವ್’, ಎಂದರೆ ‘ಐದು ಮಾರು’ ಎಂದೇ ಹೆಸರು. ಸ್ವೀಪ್‌ಸ್ಟೇಕ್ಸ್ ಇರುವುದಾದರೋ ಮೂರು ಮಾರಿಗಿಂತ ತುಸು ಹೆಚ್ಚು ಆಳದಲ್ಲಿ. ದೋಣಿಯಲ್ಲಿ ಕುಳಿತು ಬಾಗಿ ನೋಡಿದರೂ ತಿಳಿನೀರಿನಲ್ಲಿ ಅದರ ಆಕಾರ ಕಾಣುತ್ತದೆ.

ಸುಮಾರು 140 ವರ್ಷ ನೀರಿನಲ್ಲಿದ್ದರೂ ಮರ ಏಕೆ ನಾಶವಾಗಲಿಲ್ಲ? ಕನ್ನಡ ಕರಾವಳಿಯ ದೋಣಿಗಾರರು ಈ ಪ್ರಶ್ನೆಯನ್ನು ಮೊದಲು ಕೇಳಿಯಾರು. ಬೆಚ್ಚನೆಯ ಉಪ್ಪುನೀರಿನಲ್ಲಿ ಮರವನ್ನು ಕೊರೆದು ತಿನ್ನುವ ಹುಳುಗಳ ಕಾಟ ಅವರಿಗೆ ಚೆನ್ನಾಗಿ ಗೊತ್ತು. ಹುಳುವೆಂದು ಕರೆದರೂ ಅದು ಕಪ್ಪೆಚಿಪ್ಪಿನ ಜಾತಿಗೆ ಸೇರಿದ ಜೀವಿ. ಅದಕ್ಕೆ ಬದುಕಲು ಉಪ್ಪುನೀರು ಬೇಕು. ಹ್ಯೂರಾನಿನ ಸಿಹಿನೀರಿನಲ್ಲಿ ಅದಕ್ಕೆ ಎಡೆಯಿಲ್ಲ. ಮರವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಅಲ್ಲಿ ಇವೆಯಾದರೂ ಶೀತದಲ್ಲಿ ಅವುಗಳ ಕೆಲಸ ಬಹು ನಿಧಾನ. ಉಪ್ಪಿಲ್ಲದ ನೀರಿನಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಕಡಿಮೆ. ಹೀಗೆ ಶೀತವೇ ಆ ಹಡಗಿಗೆ ಕಾವಲುಗಾರನಾಗಿದೆ.

ಹಡಗನ್ನು ಕಾಯುವ ಈ ಶೀತವು ಅದನ್ನು ನೋಡಬಂದ ಮನುಷ್ಯನನ್ನು ಮಾತ್ರ ಸುಮ್ಮನೆ ಬಿಡುವುದಿಲ್ಲ. ಚಳಿಗಾಲದಲ್ಲಿ ಬಂದರಿನ ಮೇಲೆ ಮಂಜುಗಡ್ಡೆ ಹಾಸುತ್ತದೆ. ಅದು ಕರಗಿದ ಮೇಲೂ ಬಹುಕಾಲ ನೀರು ಮೈ ಕೊರೆಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗದಲ್ಲಿ ದೇಹದ ಶಾಖವನ್ನು ಸೆಳೆದುಕೊಳ್ಳುತ್ತದೆ. ಆದುದರಿಂದ ಮುಳುಗುಗಾರನು ದಪ್ಪನೆಯ ರಬ್ಬರಿನ ಉಡುಪು ತೊಡಬೇಕು. ಆ ಉಡುಪಿನೊಳಕ್ಕೆ ಸ್ವಲ್ಪ ನೀರು ಹೊಗುತ್ತದೆ. ಮೈಗೂ ರಬ್ಬರಿಗೂ ನಡುವೆ ಸಿಕ್ಕ ಆ ತೆಳುಪದರ ಮೈಯ ಶಾಖದಿಂದಲೇ ಬೆಚ್ಚಗಾಗುತ್ತದೆ. ಇನ್ನೂ ತಣ್ಣನೆಯ ನೀರಿಗೆ ಹನಿಯೂ ಒಳನುಸುಳದ ಒಣ ಉಡುಪು ಬೇಕು. ಇಷ್ಟಾದರೂ ಕೈಬೆರಳುಗಳು ಮರಗಟ್ಟುತ್ತವೆ. ಬೆರಳು ಮರಗಟ್ಟಿದವನಿಗೆ ಒಂದು ಕೊಂಡಿಯನ್ನು ಬಿಚ್ಚುವುದೂ ಕಷ್ಟ.

ಬೆನ್ನಿಗೆ ಒತ್ತಿದ ಗಾಳಿಯ ಉರುಳೆ, ಬಾಯಿಗೆ ಉಸಿರಿನ ಕೊಳವೆ. 1943ರಲ್ಲಿ ಫ್ರಾನ್ಸಿನ ಕೂಸ್ಟೊ ಮತ್ತು ಗಾನ್ಯಾನ್ ಎಂಬಿಬ್ಬರು ರೂಪಿಸಿದ ಸಾಧನದ ವಂಶಕ್ಕೆ ಸೇರಿದ್ದು ಇದು. ಮುಳುಗುಗಾರನಿಗೆ ಬೇಕಾದಾಗ, ಬೇಕಾದಷ್ಟೇ ಗಾಳಿಯನ್ನು ಅದು ಒದಗಿಸುತ್ತದೆ. ಒತ್ತಿದ ಗಾಳಿ ಹಿಗ್ಗುವಾಗ ಇನ್ನಷ್ಟು ತಣ್ಣಗಾಗುತ್ತದೆ. ನೀರೂ ಅತಿ ಶೀತಲವಾಗಿದ್ದರೆ ಸಾಧನದಲ್ಲಿ ಹಿಮ ಕಟ್ಟಿ, ಗಾಳಿ ತಡೆಯಿಲ್ಲದೆ ಹೊರಚಿಮ್ಮತೊಡಗಬಹುದು. ಆದುದರಿಂದಲೇ ಜೊತೆಗಾರನಿಲ್ಲದೆ ಮುಳುಗಬಾರದೆಂಬುದು ಅಲ್ಲಿಯ ಪಾಠ.

‘ಆರೇ ಮೀಟರ್ ಆಳವಲ್ಲವೆ, ಭಯವೇನು?’ ಎನ್ನುವವರುಂಟು. ನೀರಿನಲ್ಲಿ ಸುಮಾರು 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. 6 ಮೀಟರ್ ಆಳದಲ್ಲಿ ಎಳೆದುಕೊಂಡ ಶ್ವಾಸವು ಮೇಲೆ ಬರುವಷ್ಟರಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗಿ ಹಿಗ್ಗಲು ಹವಣಿಸುತ್ತದೆ. ಗಾಬರಿಗೊಂಡು ಉಸಿರು ಬಿಗಿಹಿಡಿದು ಮೇಲೆ ಧಾವಿಸಿದರೆ ಶ್ವಾಸಕೋಶವೇ ಹರಿದೀತು. ನಿಧಾನವಾಗಿ ಏರಬೇಕು, ಎಂದೂ ಉಸಿರು ಕಟ್ಟಬಾರದು. ನೀರಿನ ಆಳ ಕಡಿಮೆಯಾದರೂ ಅದರ ನಿಯಮ ಸಡಿಲವಾಗುವುದಿಲ್ಲ.

ಇಷ್ಟು ಸಿದ್ಧತೆಯೊಡನೆ ಕೆಳಗಿಳಿದವನಿಗೆ ದೊರೆಯುವ ನೋಟ ಅಪೂರ್ವವಾದುದು. ಹಸಿರು ಬೆಳಕಿನಲ್ಲಿ ಹಡಗಿನ ಒಡಲು ನಿಧಾನವಾಗಿ ಮೂಡುತ್ತದೆ. ಹಲಗೆಗೆ ಹಲಗೆ ಕೂಡಿಸಿದ ಬಡಗಿಯ ಕೈಚಳಕ ಇನ್ನೂ ಎದ್ದು ಕಾಣುತ್ತದೆ. ಮುಂಭಾಗದಲ್ಲಿ ಲಂಗರನ್ನು ಎಳೆಯುತ್ತಿದ್ದ ರಾಟೆ ಇದೆ. ಮೌನವನ್ನು ಕಲಕುವುದು ಉಸಿರಿನ ಗುಳ್ಳೆಗಳ ಸದ್ದೊಂದೇ. ಸಮೀಪದಲ್ಲೇ ಇನ್ನೊಂದು ಹಡಗಿನ ಅವಶೇಷವಿದೆ. ‘ಸಿಟಿ ಆಫ್ ಗ್ರ್ಯಾಂಡ್ ರ‍್ಯಾಪಿಡ್ಸ್’ ಎಂಬ ಆ ಉಗಿಹಡಗು 1907ರಲ್ಲಿ ಬೆಂಕಿಗೆ ತುತ್ತಾಗಿ ಮುಳುಗಿತು. ಬೆಂಕಿ ತಿಂದುಬಿಟ್ಟುದನ್ನೂ ಈ ನೀರು ಉಳಿಸಿಕೊಂಡಿದೆ.

ಆದರೆ ಹುಳುವಿಗೂ ಕೊಳೆತಕ್ಕೂ ಸುಲಭವಾಗಿ ಮಣಿಯದ ಈ ಮರ ಮನುಷ್ಯನ ಅಕ್ಕರೆಗೆ ಮಣಿಯಬಹುದು. ನೋಡಬಂದವರೆಲ್ಲ ನೆನಪಿಗೆಂದು ಒಂದೊಂದು ಮೊಳೆ ಕಿತ್ತರೆ ಹಡಗು ಎಷ್ಟು ಕಾಲ ನಿಂತೀತು? ಕಾಲಿನ ರಬ್ಬರ್ ರೆಕ್ಕೆ ತಗುಲಿದರೂ ನೆನೆದ ಹಲಗೆ ಅಲುಗುತ್ತದೆ. ಮೇಲಟ್ಟದ ಕೆಳಗೆ ನುಸುಳಿದವನ ಉಸಿರು ಕೂಡ ನಿರಪಾಯಕಾರಿಯಲ್ಲ. ಅವನು ಬಿಟ್ಟ ಗಾಳಿ ಹಲಗೆಗಳ ಅಡಿಯಲ್ಲಿ ಸಿಕ್ಕಿಕೊಂಡು ಅವನ್ನು ಮೇಲಕ್ಕೆ ಒತ್ತುತ್ತದೆ. ಮೇಲಟ್ಟ ಕುಸಿಯದಂತೆ ಉದ್ಯಾನದವರು ಹಲವು ಬಾರಿ ದುರಸ್ತಿ ಮಾಡಬೇಕಾಯಿತು. ಮುಳುಗುಗಾರರು ಮೊದಲು ಉದ್ಯಾನದಲ್ಲಿ ಹೆಸರು ನೋಂದಾಯಿಸಬೇಕು. ಏನನ್ನೂ ಕೀಳಬಾರದು, ಒಯ್ಯಬಾರದು.

ಈ ನಿಯಮಗಳನ್ನು ಬರೆದಿಡುವುದು ಸುಲಭ, ನೀರಿನಡಿಯಲ್ಲಿ ಕಾವಲಿರುವುದು ಕಷ್ಟ. ಅಲ್ಲಿ ಮುಳುಗುಗಾರನನ್ನು ತಡೆಯಲು ಅವನ ಮನಸ್ಸಲ್ಲದೆ ಬೇರೊಬ್ಬನಿಲ್ಲ. ಒಳ್ಳೆಯ ಮುಳುಗುಗಾರ ಹಡಗಿಗಿಂತ ತುಸು ಮೇಲೆ ತೇಲುತ್ತಾನೆ. ಉಸಿರು ಎಳೆದರೆ ಅವನ ದೇಹ ಮೆಲ್ಲನೆ ಏರುತ್ತದೆ, ಬಿಟ್ಟರೆ ಮೆಲ್ಲನೆ ಇಳಿಯುತ್ತದೆ. ಆ ಏರಿಳಿತವನ್ನು ಹದದಲ್ಲಿರಿಸಿಕೊಂಡು, ಕೈಗಳನ್ನು ಎದೆಗವಚಿಕೊಂಡು, ಕಣ್ಣುಗಳಿಂದ ಮಾತ್ರ ಮುಟ್ಟಿ ಅವನು ಹಿಂತಿರುಗುತ್ತಾನೆ. ಅವನು ಮೇಲೆ ಬಂದಾಗ ಕೈ ಬರಿದಾಗಿರುತ್ತದೆ, ಮೈ ನಡುಗುತ್ತಿರುತ್ತದೆ. ಕೆಳಗೆ ಹಡಗು ಮಾತ್ರ ಮೊದಲಿದ್ದಂತೆಯೇ, ಮುಂದೆ ಬರುವವರಿಗಾಗಿ ಕಾದಿರುತ್ತದೆ.