ದೇಶಕ್ಕೊಂದು ಬೆಲೆ

ಒಂದು ಪದಾರ್ಥಕ್ಕೆ ಎಲ್ಲೆಲ್ಲಿಯೂ ಒಂದೇ ಬೆಲೆಯಿರಬೇಕೆಂಬುದು ಗೃಹಸ್ಥರಾದ ನಮ್ಮೆಲ್ಲರ ಸಹಜವಾದ ಎಣಿಕೆ. ಸಂತೆಯಲ್ಲಿ ಬೆಳಗಿನ ಬದನೆಗೂ ಸಂಜೆಯ ಬದನೆಗೂ ಬೆಲೆ ಬೇರೆಯಾದರೆ ನಾವು ಆಶ್ಚರ್ಯಪಡುವುದಿಲ್ಲ. ಅದು ಬಾಡುವ ವಸ್ತು. ಆದರೆ ಕಾರ್ಖಾನೆಯಿಂದ ಒಂದೇ ಅಚ್ಚಿನಲ್ಲಿ ಹೊರಬಿದ್ದು, ಒಂದೇ ಬಗೆಯ ಪೆಟ್ಟಿಗೆಯಲ್ಲಿ ಕುಳಿತು ಲೋಕಸಂಚಾರಕ್ಕೆ ಹೊರಟ ವಸ್ತುವು ಇಳಿದ ಬಂದರಿಗೊಂದು ಬೆಲೆ ಹೇಳಿದರೆ ಮನಸ್ಸು ಒಪ್ಪುವುದಿಲ್ಲ. ನಮ್ಮ ಮನೆಗೆ ಒಂದು ಹೆಡ್‌ಫೋನು ಬೇಕಾದಾಗ ಈ ಸಂಗತಿಯನ್ನು ಕುರಿತು ಆಲೋಚಿಸುವ ಪ್ರಸಂಗ ಒದಗಿತು.

ನಮ್ಮ ಅಣ್ಣನವರು ಸಂಗೀತಪ್ರಿಯರು. ನಿದ್ರೆ ಕಡಿಮೆಯಾದ ಈ ವಯಸ್ಸಿನಲ್ಲಿ, ರಾತ್ರಿ ಎರಡು ಗಂಟೆಗೆ ಎದ್ದು ಹಳೆಯ ಧ್ವನಿಮುದ್ರಣಗಳನ್ನು ಕೇಳುವುದು ಅವರಿಗೆ ಉಳಿದಿರುವ ದೊಡ್ಡ ಸುಖ. ಮನೆಯವರ ನಿದ್ರೆಯೂ ಕೆಡಬಾರದು, ತಂಬೂರಿಯ ಶ್ರುತಿಯೂ ಕಿವಿಗೆ ತಪ್ಪಬಾರದು. ಅಮೆರಿಕದ ಆರಿಗನ್ ಸಂಸ್ಥಾನದಲ್ಲಿರುವ ನನ್ನ ಮಗಳು, “ದೊಡ್ಡಪ್ಪ, ಅದು ಇಲ್ಲಿ ಅಗ್ಗ, ಬರುವಾಗ ನಾನೇ ತರುತ್ತೇನೆ” ಎಂದಳು. ನಮ್ಮ ಪೇಟೆಯ ವರ್ತಕರು ಅದೇ ವಸ್ತುವಿಗೆ ಹೇಳಿದ ಬೆಲೆ ಅಲ್ಲಿಯದರ ಒಂದೂವರೆಯಷ್ಟಿತ್ತು. ಅಣ್ಣನವರು ನಕ್ಕು, “ಏನಪ್ಪಾ, ಸಮುದ್ರ ದಾಟಿದರೆ ಇದರ ನಾದವೇನಾದರೂ ಹೆಚ್ಚುತ್ತದೆಯೆ?” ಎಂದು ನನ್ನನ್ನು ಕೇಳಿದರು.

ನಾದ ಹೆಚ್ಚುವುದಿಲ್ಲ, ಸುಂಕ ಹೆಚ್ಚುತ್ತದೆ. ಹೊರದೇಶದಿಂದ ಬಂದ ಮಾಲಿನ ಮೇಲೆ ಮೊದಲು ಆಮದು ಸುಂಕ ಬೀಳುತ್ತದೆ. ಆ ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ ಸರಕು ಮತ್ತು ಸೇವಾ ತೆರಿಗೆ ನೂರಕ್ಕೆ 18ರಂತೆ ಬೀಳುತ್ತದೆ. ಲೆಕ್ಕಕ್ಕಾಗಿ ಸುಂಕವನ್ನು ನೂರಕ್ಕೆ 20 ಎಂದು ಹಿಡಿದರೆ, 100 ರೂಪಾಯಿಯ ಮಾಲು 120 ಆಗಿ, ತೆರಿಗೆ ಸೇರಿ 141 ರೂಪಾಯಿ 60 ಪೈಸೆಗೆ ಬಂದು ನಿಲ್ಲುತ್ತದೆ. ತರಿಸಿದವರ ಖರ್ಚು, ಮಾರುವವರ ಲಾಭ ಇವೆಲ್ಲ ಅದರ ಮೇಲಿನ ಮಾತು. ಅತ್ತ ಆರಿಗನ್ನಿನಲ್ಲಿ ಮಾರಾಟದ ತೆರಿಗೆಯೇ ಇಲ್ಲ. ಅಮೆರಿಕದ ಬಹುಪಾಲು ಸಂಸ್ಥಾನಗಳಲ್ಲಿ ತೆರಿಗೆಯುಂಟು. ಆದರೆ ಅದನ್ನು ಚೀಟಿಯ ಬೆಲೆಯಲ್ಲಿ ಕಾಣಿಸದೆ ಹಣ ತೆರುವಾಗ ಸೇರಿಸುತ್ತಾರೆ. ಜರ್ಮನಿಯ ನೂರಕ್ಕೆ 19, ಬ್ರಿಟನ್ನಿನ ನೂರಕ್ಕೆ 20 ಚೀಟಿಯ ಬೆಲೆಯೊಳಗೇ ಅಡಗಿರುತ್ತವೆ. ಆದುದರಿಂದ ಎರಡು ದೇಶಗಳ ಚೀಟಿಗಳನ್ನು ಹಾಗೆಯೇ ಹೋಲಿಸುವುದು, ಸಿಪ್ಪೆಯಿರುವ ತೆಂಗಿನಕಾಯನ್ನು ಸುಲಿದ ಕಾಯೊಡನೆ ತೂಗಿದಂತೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಬಲ್ಲರು. ಬೆಂಗಳೂರಿನಲ್ಲಿ ಸುಂಕದಕಟ್ಟೆಯೆಂಬ ಹೆಸರು ಇಂದಿಗೂ ಉಳಿದಿದೆ. ಕಟ್ಟೆ ಮಾತ್ರ ಬಂದರಿಗೂ ವಿಮಾನನಿಲ್ದಾಣಕ್ಕೂ ವರ್ಗವಾಗಿದೆ.

ಸುಂಕವನ್ನು ಕಳೆದು ನೋಡಿದರೂ ಕೆಲವು ವೇಳೆ ಅಂತರ ಉಳಿಯುತ್ತದೆ. ಯಾವ ದೇಶದ ಗಿರಾಕಿ ಎಷ್ಟು ತೆತ್ತಾನು ಎಂದು ಎಣಿಸಿ ಬೆಲೆಯಿಡುವುದು ವ್ಯಾಪಾರದ ಹಳೆಯ ನೀತಿ. ಇದರಿಂದ ನಮಗೆ ಉಪಕಾರವೂ ಆಗಿದೆ ಎಂಬುದನ್ನು ಮರೆಯಲಾಗದು. ಪರದೇಶದ ಪಠ್ಯಗ್ರಂಥಗಳು ಭಾರತಕ್ಕಾಗಿಯೇ ಅಗ್ಗದ ಆವೃತ್ತಿಗಳಲ್ಲಿ ಬಂದುದರಿಂದಲ್ಲವೆ ನಮ್ಮ ಎಷ್ಟೋ ಮಕ್ಕಳು ವೈದ್ಯರೂ ಇಂಜಿನಿಯರರೂ ಆದದ್ದು? ಸುಪಾಪ್ ಕಿರ್ತ್‌ಸೆಂಗ್ ಎಂಬ ಥಾಯ್ಲೆಂಡಿನ ವಿದ್ಯಾರ್ಥಿ ತಮ್ಮ ದೇಶದಲ್ಲಿ ಅಗ್ಗವಾಗಿದ್ದ ಅಂಥ ಗ್ರಂಥಗಳನ್ನು ಬಂಧುಮಿತ್ರರಿಂದ ತರಿಸಿ ಅಮೆರಿಕದಲ್ಲಿ ಮಾರಿದರು. ಪ್ರಕಾಶಕರು ದಾವೆ ಹೂಡಿದರು. ನ್ಯಾಯವಾಗಿ ಕೊಂಡ ಗ್ರಂಥವನ್ನು ಮರಳಿ ಮಾರಲು ಅಡ್ಡಿಯಿಲ್ಲವೆಂದು 2013ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಗ್ರಂಥಕ್ಕೆ ಬೇಲಿ ಮುರಿಯಿತು. ಹೆಡ್‌ಫೋನಿಗೆ ಇನ್ನೊಂದು ಬೇಲಿಯುಂಟು. ಅದು ಗ್ಯಾರಂಟಿಯ ಕಾಗದ. ಒಂದು ದೇಶದಲ್ಲಿ ಕೊಂಡ ವಸ್ತುವಿಗೆ ಇನ್ನೊಂದು ದೇಶದಲ್ಲಿ ಆ ಕಾಗದ ಅನೇಕ ವೇಳೆ ಸಲ್ಲುವುದಿಲ್ಲ. ತಂತಿ ಕಡಿದರೆ, ಒಂದು ಕಿವಿ ಮೂಕವಾದರೆ, ಉಳಿಸಿದ ಹಣ ರಿಪೇರಿಗೇ ಹೋದೀತು. ಇದನ್ನೆಲ್ಲ ವಿವರಿಸಿದ ಮೇಲೂ ಅಣ್ಣನವರು ಮಗಳ ಮಾತಿಗೇ ಒಪ್ಪಿದರು. ಪ್ರಯಾಣಿಕರ ಸಾಮಾನಿಗೆ ಕಾನೂನು ಬಿಟ್ಟಿರುವ ಮಿತಿಯೊಳಗೆ ಅದು ಸುಂಕವಿಲ್ಲದೆ ಮನೆ ಸೇರಿತು.

ಆಮೇಲೆ ಒಂದು ದಿನ ನಮ್ಮ ಬೀದಿಯ ಸಂಗೀತದ ಮೇಷ್ಟರು ಅದನ್ನು ಧರಿಸಿ, ಕಣ್ಣು ಮುಚ್ಚಿ, ಒಂದು ರಾಗ ಮುಗಿಯುವವರೆಗೆ ಅಲುಗದೆ ಕುಳಿತರು. ತೆಗೆದಿಟ್ಟು, “ಗಮಕದ ಎಳೆಯೆಳೆಯೂ ಕೇಳಿಸುತ್ತದೆ, ರಾಯರೆ. ನಮ್ಮ ಹುಡುಗರು ಇದರಲ್ಲಿ ಒಮ್ಮೆ ಕೇಳಬೇಕಾಗಿತ್ತು. ಬೆಲೆಯೆಷ್ಟು?” ಎಂದರು. ನಾನು ಎರಡು ಬೆಲೆಗಳನ್ನೂ ಹೇಳಿದೆನು. ಅವರಿಗೆ ಪರದೇಶದಲ್ಲಿ ಯಾರೂ ಇಲ್ಲ. ಅಗ್ಗದ ಬೆಲೆ ನಮ್ಮದಾಗಿತ್ತು, ದುಬಾರಿಯದು ಅವರದು. ವರಮಾನವಾದರೋ ಇದಕ್ಕೆ ತಲೆಕೆಳಗು.

ದೇಶಕ್ಕೊಂದು ಬೆಲೆಯೆಂಬ ಮಾತಿನ ನಿಜವಾದ ಅರ್ಥ ನನಗೆ ಹೊಳೆದದ್ದು ಆಗ. ಹೊರನಾಡಿನಲ್ಲಿ ಮಕ್ಕಳಿರುವ ಮನೆಗೊಂದು ಬೆಲೆ, ಇಲ್ಲದ ಮನೆಗೊಂದು ಬೆಲೆ. ಬೇಲಿಯನ್ನು ದಾಟಬಲ್ಲವರು ಸಾಮಾನ್ಯವಾಗಿ ಅನುಕೂಲವಂತರೇ. ಪೂರ್ತಿ ಬೆಲೆ ತೆರಬೇಕಾದವರು ಬೇಲಿಯ ಈಚೆ ಉಳಿದವರು. ಸುಂಕವನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಗ್ರಂಥ ಕೊಳ್ಳಲಾರದವರಿಗೆಂದು ಊರೂರಿನಲ್ಲಿ ವಾಚನಾಲಯಗಳನ್ನು ಕಟ್ಟಿದ ಜನ ನಾವು. ಆ ವಾಚನಾಲಯದ ಮೂಲೆಯೊಂದರಲ್ಲಿ ಉತ್ತಮವಾದ ಹೆಡ್‌ಫೋನು ಒಂದನ್ನಿಟ್ಟು, ಕಲಿಯುವ ಮಕ್ಕಳಿಗೆ ದಿನಕ್ಕೊಂದು ಗಂಟೆ ಕೇಳಗೊಡುವುದು ನಮಗೆ ಅಸಾಧ್ಯವೆ? ಸಂಘದ ಸದಸ್ಯರು ವಿಚಾರಮಾಡಬೇಕಾಗಿ ಪ್ರಾರ್ಥನೆ.