ನಾನೂ ನಕ್ಕಿದ್ದೆ

ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಆರು ಜನ ಹುಡುಗರು, ನಾನೊಬ್ಬಳು. ಹೆಂಡತಿ ಜೋಕು, ಸೀರೆ ಜೋಕು, ಡಬಲ್ ಮೀನಿಂಗು... ಎಲ್ಲಾ ಬರುತ್ತೆ. ಒಳ್ಳೇ ಹುಡುಗರೇ ಕಣ್ರೀ, ರಾತ್ರಿ ಲೇಟಾದ್ರೆ ಮನೆ ತನಕ ಬಿಟ್ಟು ಹೋಗೋರು. ಹಾಗಾಗಿ ನಾನೂ ನಗ್ತಿದ್ದೆ. ಅರ್ಧ ಜೋಕಿಗೆ ನಿಜವಾಗಿ, ಇನ್ನರ್ಧಕ್ಕೆ ‘ಏನಪ್ಪಾ ಇವಳ ಮಡಿ’ ಅನ್ನಿಸಿಕೊಳ್ಳಬಾರದು ಅಂತ.

ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಮ್ಮ ಜೊತೆ ಕೂತಳು. ಅವಳ ಡಬ್ಬಿ ನೋಡಿ ಒಬ್ಬ ಏನೋ ಅಂದ (ಇಲ್ಲಿ ಬರೆಯೋ ಹಾಗಿಲ್ಲ ಬಿಡಿ). ಅವಳ ಮುಖ ಸಪ್ಪೆಯಾಯ್ತು. ತಕ್ಷಣ ಅವನು, “ಫೀಲ್ ಮಾಡ್ಕೋಬೇಡಮ್ಮ, ನಮ್ಮ ಅಕ್ಕನೇ ನಗ್ತಿದ್ದಾಳೆ ನೋಡು!”

ನಾನು ಆಗಲೇ ನಕ್ಕಾಗಿತ್ತು.

ಲಿಫ್ಟಿನ ಪಕ್ಕ 2013ರ ಕಾಯ್ದೆಯ ಪೋಸ್ಟರ್ ಇದೆ. ಮೈ ಮುಟ್ಟೋದಷ್ಟೇ ಅಲ್ಲ, ಲೈಂಗಿಕ ಅರ್ಥದ ಮಾತೂ ಕಿರುಕುಳವೇ, ಕೇಳುವವಳಿಗೆ ಬೇಡವಾಗಿದ್ದರೆ. 1997ರ ವಿಶಾಖಾ ತೀರ್ಪಿನಲ್ಲೂ ಇದೇ ಇತ್ತು. ಎಲ್ಲಾ ನಿಂತಿರೋದು ಆ ‘ಬೇಡ’ದ ಮೇಲೆ. ನನಗೆ ಬೇಡವಾಗಿತ್ತಾ? ಯಾವತ್ತೂ ಬಾಯಿಬಿಟ್ಟು ಹೇಳಲೇ ಇಲ್ಲವಲ್ಲ... ಅವಳ ‘ಬೇಡ’ವನ್ನೂ ನನ್ನ ನಗುವೇ ನುಂಗಿಬಿಡ್ತು.

ನಿನ್ನೆ ಮತ್ತೊಂದು ಜೋಕು ಬಂತು. ನಾನು ನಗಲಿಲ್ಲ. ಪಾಪ, ನನಗೆ ಅರ್ಥ ಆಗಲಿಲ್ಲ ಅಂದ್ಕೊಂಡು ಬಿಡಿಸಿ ಹೇಳಿದ. “ಅರ್ಥ ಆಯ್ತು ಕಣೋ” ಅಂದೆ. ಎಲ್ಲರೂ ಗಪ್‌ಚಿಪ್.

ಆ ಹುಡುಗಿ ಮಾತ್ರ ಅಲ್ಲಿರಲಿಲ್ಲ. ಅವಳೀಗ ತನ್ನ ಸೀಟಿನಲ್ಲೇ ಊಟ ಮಾಡ್ತಾಳೆ.